ದಕ್ಷಿಣ ಧ್ರುವದ ವರ

ಉದ್ಯೋಗ ಏನೆಂದು ಯಾರಾದರೂ ಕೇಳಿ, ನಾನು ನಿಜ ಹೇಳಿಬಿಟ್ಟರೆ ಸಾಕು, ಅಲ್ಲೊಂದು ಎಡವಟ್ಟು ಹುಟ್ಟುತ್ತದೆ. ಗುಮಾಸ್ತ ಎಂದು ಹೇಳಿದ್ದರೆ ಸುಖವಾಗಿರುತ್ತಿದ್ದೆನೇನೋ. ದಕ್ಷಿಣ ಧ್ರುವದ ಮೇಲಿನ ಆಕಾಶದಲ್ಲಿ ಓಝೋನ್ ಪದರ ಹೇಗೆ ಕರಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಕಂಪ್ಯೂಟರಿನೊಳಗೇ ಒಂದು ಆಕಾಶ ಕಟ್ಟಿ, ಅದಕ್ಕೆ ಚಳಿ, ಗಾಳಿ, ಅನಿಲ ಎಲ್ಲ ತುಂಬಿ, ಏನಾಗುತ್ತದೆಂದು ಕಾಯುತ್ತ ಕೂರುತ್ತೇನೆ. ಧ್ರುವಕ್ಕೆ ಹೋಗಬೇಕಾಗಿಲ್ಲ. ನಾನು ಹೋಗಿಯೂ ಇಲ್ಲ.

ಆದರೆ ತೊಂಬತ್ತರ ದಶಕದ ಶಿರಸಿಯಲ್ಲಿ ಇದನ್ನು ಯಾರಿಗೆ ಹೇಳೋಣ? 'ನಮ್ಮನೆ ಮಾಣಿದು ದಕ್ಷಿಣ ಧ್ರುವದ ಕೆಲಸ' ಎಂದು ಅಮ್ಮ ಪಕ್ಕದ ಮನೆಯಲ್ಲಿ ಹೇಳಿದ್ದಳಂತೆ. ಸುದ್ದಿ ನಾಲ್ಕು ಮನೆ ದಾಟುವಷ್ಟರಲ್ಲಿ ನಾನು ಹಿಮದ ಮೇಲೆ ಬಿಡಾರ ಹೂಡಿಯಾಗಿತ್ತು. ರಜೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಮಂಕಿ ಟೋಪಿ ಕೊಟ್ಟು ಹೋಗುತ್ತಿದ್ದರು. ನನ್ನ ಪೆಟ್ಟಿಗೆಯಲ್ಲಿ ಅಂಗಿಗಿಂತ ಟೋಪಿಯೇ ಹೆಚ್ಚಾದವು.

ಮಂಜಿನ ಜ್ವರ

ಒಂದು ಡಿಸೆಂಬರಿನಲ್ಲಿ ಯಲ್ಲಾಪುರದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಬೆಳಗಿನ ಮಂಜಿನಲ್ಲಿ ತಿರುಗಾಡಿ ಬಂದವನಿಗೆ ಮೈ ಕಾದು ಜ್ವರ ಏರಿತು. ಚಿಕ್ಕಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಹಾವೇರಿ ಕಡೆಯವರು.

"ಬರ್ರಿ, ಕೂಡ್ರಿ. ಏನು ಕೆಲಸ ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ "ದಕ್ಷಿಣ ಧ್ರುವ!" ಎಂದ.

ಡಾಕ್ಟರು ಥರ್ಮಾಮೀಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಥರ್ಮಾಮೀಟರ್ ನೋಡಿದರು. "ಧ್ರುವದಾಗ ಇರೋರಿಗೆ ಯಲ್ಲಾಪುರದ ಮಂಜಿಗೆ ಜ್ವರ ಬರೂದಿಲ್ರೀ" ಎಂದು ತೀರ್ಮಾನಿಸಿ, ಕಾಂಪೌಂಡರನನ್ನು ಕರೆದು ಬೇರೆ ಥರ್ಮಾಮೀಟರ್ ತರಿಸಿದರು.

ಆರಿದ ಫ್ರಿಜ್ಜು

ಆ ಸಮಯದಲ್ಲೇ ನನಗೆ ಹೆಣ್ಣು ಹುಡುಕುತ್ತಿದ್ದರು. ಸಿದ್ದಾಪುರದ ಒಂದು ಮನೆಯ ಹುಡುಗಿಯ ಜಾತಕ ಕೂಡಿಬಂತು. ಅವಳು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ನೋಡಲು ಹೋದೆ, ಅವಳ ಒಂದು ನಗೆಗೆ ಬಿದ್ದೇ ಹೋದೆ. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಅವರ ಮನೆಯ ನಡುಕೋಣೆಯಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ, ಕ್ರೋಶಾದ ಹೊದಿಕೆ ಹೊದ್ದುಕೊಂಡು ಒಂದು ಫ್ರಿಜ್ಜು ನಿಂತಿತ್ತು. ಹುಡುಗಿಯ ತಾಯಿ ಅದರಿಂದಲೇ ತಣ್ಣನೆಯ ಪಾನಕ ತೆಗೆದುಕೊಟ್ಟು, "ನಿನ್ನ ಕೆಲಸ ಎಂತದು ತಮಾ?" ಎಂದು ಕೇಳಿದರು. ಹುಡುಗಿ ಬಾಗಿಲ ಹಿಂದೆ ಕೇಳಿಸಿಕೊಳ್ಳುತ್ತಿದ್ದಾಳೆಂಬ ಹುಮ್ಮಸ್ಸಿನಲ್ಲಿ ನಾನು ಭಾಷಣವನ್ನೇ ಬಿಗಿದೆ. ಹಳೆಯ ಫ್ರಿಜ್ಜುಗಳ ಗ್ಯಾಸು ಸೋರಿ ಮೇಲಕ್ಕೆ ಹೋಗಿ, ಧ್ರುವದ ಓಝೋನಿಗೆ ತೂತು ಬೀಳುತ್ತದೆ ಎಂದೆ.

ತಾಯಿ ಎದ್ದು ಹೋಗಿ ಫ್ರಿಜ್ಜಿನ ಪ್ಲಗ್ಗು ಕಿತ್ತರು.

"ಅಯ್ಯೋ, ಸೋರದಿದ್ದರೆ ಏನೂ ತೊಂದರೆ ಇಲ್ಲ!" ಎಂದೆ ನಾನು ಗಾಬರಿಯಾಗಿ.

"ಬ್ಯಾಡ ತಮಾ. ನೀನು ಅಲ್ಲಿ ಚಳೀಲಿ ಕೂತು ತೂತು ಮುಚ್ಚೂದು, ಎಂಗ ಎಲ್ಲಾ ಇಲ್ಲಿ ಪಾನಕ ಕುಡಿತಾ ತೂತು ಮಾಡೂದು! ಚೊಲೋ ಕಾಣ್ತಿಲ್ಲೆ."

ಹೊಟ್ಟೆಯ ಚಿತ್ರ

ಮಾತುಕತೆ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಹುಡುಗಿಯ ಸೋದರಮಾವ ನಡುವೆ ಬಂದ. ಅವನೂ ಯಲ್ಲಾಪುರದವನು, ಅದೇ ಡಾಕ್ಟರ ಖಾಯಂ ಗಿರಾಕಿ. ಮಂಜಿಗೇ ಜ್ವರ ಹಿಡಿಸಿಕೊಂಡ ಧ್ರುವದ ಮನುಷ್ಯನ ಕಥೆ ಅವನ ಕಿವಿಗೂ ಬಿದ್ದಿತ್ತು. ನೇರ ಶಿರಸಿಗೆ ನಮ್ಮ ಮನೆಗೇ ಬಂದ.

"ಧ್ರುವಕ್ಕೆ ಹೋಗಿದ್ಯ?"

"ಇಲ್ಲ."

"ಹಿಮ ನೋಡಿದ್ಯ?"

"ಇಲ್ಲ."

"ಪೆಂಗ್ವಿನ್ನು?"

"ಚಿತ್ರದಲ್ಲಿ."

ಮರ್ಯಾದೆ ಉಳಿಸಿಕೊಳ್ಳಲು ನನ್ನ ಲೆಕ್ಕದಿಂದ ಮೂಡಿದ ಓಝೋನ್ ತೂತಿನ ಬಣ್ಣದ ನಕ್ಷೆ ತಂದು ತೋರಿಸಿದೆ. ಮಾವ ಕನ್ನಡಕ ಏರಿಸಿ, ಹಾಳೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

"ಎನ್ನ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ್ಲೂ ಹಿಂಗೇ ಬಂದಿತ್ತು. ಅದ್ರಲ್ಲಿ ಒಂದು ಕಲ್ಲಾದ್ರೂ ಕಂಡಿತ್ತು!"

ಅಜ್ಜನ ಸ್ವರ್ಗ

ಮಾವ ಸಿದ್ದಾಪುರಕ್ಕೆ ಹೋಗಿ "ಮಾಣಿ ಶುದ್ಧ ಲಫಂಗ" ಎಂದು ವರದಿ ಒಪ್ಪಿಸಿದ. ಸಂಬಂಧ ನಿಂತಿತು. ನನಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಎರಡು ಮೂರು ತಿಂಗಳು ಕಳೆದ ಮೇಲೆ ಹುಡುಗಿಯ ಅಜ್ಜ, ಒಮ್ಮೆ ಬಂದು ಮಾತಾಡಿ ಹೋಗಲಿ ಎಂದು ಹೇಳಿಕಳಿಸಿದರು. ಅಜ್ಜ ತಾಳಮದ್ದಲೆಯಲ್ಲಿ ಹೆಸರಾದವರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಬರೀ ಮಾತಿನಲ್ಲಿ, ಅಂದರೆ 'ಅರ್ಥ' ಹೇಳಿ, ಕಥೆಯನ್ನು ಕಣ್ಣೆದುರು ತರುವ ಆಟ ಅದು.

ಹೋದೆ. ಮಾವ ಎಲ್ಲರೆದುರು ಗುಡುಗಿದ: "ನೋಡದೇ ಇದ್ದ ಊರಿನ ಸುದ್ದಿ ಹೇಳಿ ಸಂಬಳ ತಗತ್ತ. ಇದು ಮೋಸ ಅಲ್ದ?"

ಅಜ್ಜ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು ಬಂದು ನಿಧಾನಕ್ಕೆ ಹೇಳಿದರು: "ಆನು ಹುಡುಗ ಆಗಿದ್ದಾಗಿಂದ ಸ್ವರ್ಗದ ಅರ್ಥ ಹೇಳ್ತಾ ಇದ್ದೆ. ಅಲ್ಲಿಯ ಬಾಗಿಲು, ಆನೆ, ತೋಟ, ಎಲ್ಲಾ ವರ್ಣನೆ ಮಾಡ್ತೆ. ಒಂದ್ಸಲ ಆದ್ರೂ ಹೋಗಿ ಬಂದಿದ್ನ? ಹೋಗಿಯೇ ಹೇಳವು ಅಂದ್ರೆ ಮರುದಿನದ ಆಟಕ್ಕೆ ಎನ್ನ ಕರ್ಕಂಡು ಬಪ್ಪವು ಯಾರು? ಈ ಮಾಣಿದೂ ತಾಳಮದ್ದಲೆಯೇ. ಇವಂಗೆ ನಮ್ಮನೆ ಕೂಸು ಕೊಟ್ಟು ಮದುವೆ ಮಾಡಲೆ ಅಡ್ಡಿಲ್ಲೆ."

ನನಗೆ ಹೋದ ಜೀವ ಬಂದಂತಾಯಿತು. ಆಗ ಬಾಗಿಲ ಹಿಂದಿನಿಂದ ಹುಡುಗಿಯೇ ಹೊರಗೆ ಬಂದಳು.

"ಅಂದ್ರೆ ನೀವು ಧ್ರುವಕ್ಕೆ ಹೋಗೂದೇ ಇಲ್ಯ? ಮುಂದೂ?"

"ಇಲ್ಲ."

"ಹಾಂಗಾರೆ ಎನಗೆ ಈ ಮದುವೆ ಬ್ಯಾಡ. ಮಕ್ಕಳಿಗೆ ಪ್ರತಿ ವರ್ಷ ಹಿಮದ ಪಾಠ ಮಾಡ್ತೆ, ಒಂದು ಮುಷ್ಟಿ ಹಿಮ ಮುಟ್ಟಿದ್ದಿಲ್ಲೆ. ನಿಮ್ಮ ಜೊತೆಗೆ ಹೋಗಿ ನೋಡ್ಲಕ್ಕು ಅಂತ್ಲೇ ಆನು ಒಪ್ಪಿದ್ದು!"

ದಡಕ್ಕೆ ಬಂದ ದೋಣಿ ಮುಳುಗಿತಲ್ಲ ಎನಿಸಿತು. ಇದ್ದಬದ್ದ ಧೈರ್ಯವೆಲ್ಲ ಒಟ್ಟುಮಾಡಿ, "ನಾನೂ ಮುಟ್ಟಿಲ್ಲ. ಇಬ್ಬರೂ ಒಟ್ಟಿಗೇ ಮುಟ್ಟಿದರಾಗದಾ?" ಎಂದೆ.

ಅವಳು ತುಟಿಯಲ್ಲೇ ನಗು ಕಚ್ಚಿಕೊಂಡು, "ಯಾವಾಗ?" ಎಂದಳು.

ನಾನು ಬೆರಳು ಮಡಿಚಿ ವರ್ಷ ಎಣಿಸತೊಡಗಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಗ ಫ್ರಿಜ್ಜಿನ ಪಕ್ಕದಿಂದ ತಾಯಿಯ ದನಿ ಕೇಳಿತು. ತಿಂಗಳುಗಟ್ಟಲೆ ಆರಿಸಿಟ್ಟ ಫ್ರಿಜ್ಜಿನ ಪ್ಲಗ್ಗು ಅವರ ಕೈಯಲ್ಲಿತ್ತು.

"ಒಂದು ಮುಷ್ಟಿ ಹಿಮಕ್ಕೆ ಅಷ್ಟು ದೂರ ಎಂತಕ್ಕೆ? ಈ ಮಾಣಿ ಹೂಂ ಹೇಳಿದ್ರೆ ಈಗ್ಲೇ ಹಾಕ್ತೆ. ಸಂಜೆ ಚಾ ಹೊತ್ತಿಗೆ ಮನೇಲೇ ಹಿಮ!"

ಹುಡುಗಿ ಕಿಸಕ್ಕನೆ ನಕ್ಕಳು. ಓಝೋನ್ ಪದರದ ಕ್ಷಮೆ ಕೇಳಿಕೊಂಡು ನಾನು ಹೂಂ ಎಂದೆ.