ಎಲ್ಲರಿಗೂ ಒಗ್ಗುವ ಹೋಟೆಲ್

ರಘೋತ್ತಮರಾಯರು ಮಾಡಿದ ತಪ್ಪು ಇಷ್ಟೇ: ಶನಿವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ, ನಾಸಿಕದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ‘ಸಂಭಾಜಿನಗರದಾಗ ಛಲೋ ಲಕ್ಸುರಿ ಹೋಟೆಲ್ ಯಾವುದದ?’ ಎಂದು ಕೇಳಿಬಿಟ್ಟರು. ತಾವಾಗಿಯೇ ಜೇನುಗೂಡಿಗೆ ಕಲ್ಲು ಹೊಡೆದು, ಆಮೇಲೆ ಹುಳಗಳಿಗೆ ತಿಳಿವಳಿಕೆ ಇಲ್ಲ ಎಂದು ಬೈದರೆ ಯಾರು ಒಪ್ಪುತ್ತಾರೆ?

ಕೇಳುವುದಕ್ಕೆ ಕಾರಣವಿತ್ತು. ಮಗ ಅದ್ವೈತ್ ಈ ವರ್ಷ ಪುಣೆಯ ಹಾಸ್ಟೆಲ್ ಸೇರಿದ್ದ. ಬ್ಯಾಂಕಿನವರು ವರ್ಗ ಮಾಡಿದ ಊರಲ್ಲೆಲ್ಲ ಗಂಡನ ಹಿಂದೆ ಹೋಗಿ ಸಂಸಾರ ಹೂಡಿದ ಮಂದಾಕಿನಿ, ಹೋದ ವಾರ ಕುಕ್ಕರ್ ಇಳಿಸುತ್ತ, “ನನಗ ಸಾಕಾಗ್ಯದರಿ” ಎಂದಿದ್ದಳು. ಜಗಳದ ದನಿಯಲ್ಲಿ ಅಂದಿದ್ದರೆ ರಾಯರು ಹೆದರುತ್ತಿರಲಿಲ್ಲ. ಮನೆಯಲ್ಲಿ ಕೊತ್ತಂಬರಿ ಮುಗಿದಿದೆ ಅನ್ನುವಷ್ಟು ತಣ್ಣಗೆ ಅಂದಿದ್ದಳು.

ಇವತ್ತು ಅವರ ಮದುವೆಯ ವಾರ್ಷಿಕೋತ್ಸವ. ಸೋಮವಾರ ಸೂಟಿ ಬೇರೆ. ಇಬ್ಬರೇ ಹೋಗಬೇಕು, ಯಾರೋ ಮಾಡಿದ್ದನ್ನು ಅವಳು ಕೂತು ಉಣ್ಣಬೇಕು, ಅವಳ ಮುಖದಲ್ಲಿ ಮತ್ತೆ ನಗು ಕಾಣಬೇಕು. ಅದಾಗದಿದ್ದರೆ ಮುಂದೇನು ಎಂದು ಯೋಚಿಸುವ ಧೈರ್ಯ ರಾಯರಿಗೆ ಇರಲಿಲ್ಲ.

ಗುಂಪಿನಲ್ಲಿ ಉತ್ತರ ಬರಲಿಲ್ಲ. ಉತ್ತರವೇ ಶಾಲು ಹೊದ್ದುಕೊಂಡು ಮೇಲಿನ ಮಹಡಿಯಿಂದ ಇಳಿದು ಬಂತು. ಅವರು ವಿಶ್ವನಾಥಪ್ಪ; ಬೀದರ ಕಡೆಯವರು, ನಾಸಿಕದಲ್ಲಿ ಬೇಳೆಕಾಳಿನ ವ್ಯಾಪಾರ.

“ರಾವ್‌ಸಾಹೇಬ್ರ, ಊರಾಗಿನ ಹೋಟೆಲ್ ಬ್ಯಾಡ್ರಿ. ಘೃಷ್ಣೇಶ್ವರದ ಹತ್ತರ ಒಂದು ರಿಸಾರ್ಟ್ ಅದ. ನಸುಕಿನಾಗ ದರ್ಶನ ಆಗ್ತದ. ಅಡಗಿಮನ್ಯಾಗ ಮಾಂಸ ಮಾತ್ರ ಇರಬಾರ್ದು, ಅದೊಂದು ಕೇಳಿಕೊಳ್ರಿ.”

“ಇಲ್ರಿ ಸಾವಕಾರ್ರ, ನಾ ಮತ್ತ ಇಕಿ, ಇಬ್ಬರೇ...”

“ಇಬ್ಬರೇ ಯಾಕ್ರಿ? ನಾವೇನು ಸತ್ತೀವೇನು?”

ಈ ಪ್ರಶ್ನೆಗೆ ‘ಹೌದು’ ಎಂದು ಉತ್ತರ ಕೊಟ್ಟ ಕನ್ನಡಿಗ ಇನ್ನೂ ಹುಟ್ಟಿಲ್ಲ. ರಾಯರು ಹಲ್ಲು ಕಿರಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ವಿಶ್ವನಾಥಪ್ಪ ಮೇಲೆ ನೋಡಿ, “ಏ, ತಯಾರಾಗು!” ಎಂದು ಕೂಗಿದರು.

ಕೂಗಿಗೆ ಇಳಿದು ಬಂದ ಅವರ ಹೆಂಡತಿ ಕಸ್ತೂರಿಬಾಯಿ ಮಂಡಿ ನೀವಿಕೊಳ್ಳುತ್ತ ಸೋಫಾದಲ್ಲಿ ಕೂತರು. “ಮ್ಯಾಲಿಂದ ಮಳಿ ಬಿದ್ದಂಗ ನೀರು ಬೀಳೋ ಬಚ್ಚಲ ನನಗ ಬ್ಯಾಡಪಾ. ಬಕೀಟು ಬೇಕು, ತಂಬಿಗಿ ಬೇಕು. ಲಿಫ್ಟಿನಾಗ ನನಗ ತಲಿ ತಿರಗತದ, ಕೆಳಗಿನ ರೂಮೇ ತಗೋ.”

ಅಷ್ಟರಲ್ಲಿ ರಾಯರ ಬ್ಯಾಂಕಿನಲ್ಲೇ ಕೆಲಸ ಮಾಡುವ ಎದುರುಮನೆಯ ರೂಪಾ, ಮಗಳು ಮಾನ್ಯಾಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ನಮ್ಮನ್ನ ಬಿಟ್ಟು ಎಲ್ಲೋರಾ ನೋಡ್ತೀರೇನ್ರಿ ಸರ್?”

“ಅಂಕಲ್, ಸ್ವಿಮಿಂಗ್ ಪೂಲ್ ಪಾಹಿಜೇಚ್!” ಎಂದಳು ಮಾನ್ಯಾ. ಪೂಲ್ ಬೇಕೇ ಬೇಕು ಎಂಬುದನ್ನು ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುವ ಹಾಗೆ ಅವಳು ಆಗಲೇ ಈಜುವ ಕನ್ನಡಕ ಹಾಕಿಕೊಂಡು ಬಂದಿದ್ದಳು.

ಬೆಳಗಿನ ಹೊತ್ತೆಲ್ಲ ರಾಯರ ಕಿವಿಗೆ ಫೋನು ಅಂಟಿಕೊಂಡಿತು. ದೇವರ ಹತ್ತಿರದ ಹೋಟೆಲಿನಲ್ಲಿ ಪೂಲ್ ಇಲ್ಲ. ಪೂಲ್ ಇರುವ ಕಡೆ ಕೆಳಗಿನ ರೂಮಿಲ್ಲ. ಕೆಳಗಿನ ರೂಮಿರುವ ಕಡೆ ಊಟದ ಮನೆಯಲ್ಲಿ ಕಬಾಬಿಗೇ ಹೆಸರು. ಒಂದು ಹೋಟೆಲಿನ ಹುಡುಗಿಯಂತೂ ಇವರ ದನಿ ಕೇಳಿದ ಕೂಡಲೇ, “ಬೋಲಿಯೇ ಸರ್, ಅಬ್ ಕ್ಯಾ ಬದಲ್ನಾ ಹೈ?” ಎಂದು, ಈ ಸಲ ಏನು ಬದಲಿಸಬೇಕೆಂದು ತಾನೇ ಕೇಳತೊಡಗಿದಳು. ಕಡೆಗೆ ಒಂದು ಸಿಕ್ಕಿತು. ತೋಟದೊಳಗೆ ಕೆಳಗಿನ ರೂಮುಗಳು, ಬೆಚ್ಚಗಿನ ಪೂಲ್, ಬರೀ ಸಸ್ಯಾಹಾರದ ಅಡುಗೆಮನೆ. ಬಕೆಟ್ಟು ಎಲ್ಲಿಂದಾದರೂ ತರಿಸುತ್ತೇವೆ ಎಂದರು. ಆದರೆ ಉಳಿದಿರುವುದು ಎರಡೇ ರೂಮು.

ರಾಯರು ಬಾಯಿ ತೆರೆಯುವುದರೊಳಗೆ ಕಸ್ತೂರಿಬಾಯಿ ತೀರ್ಪು ಕೊಟ್ಟರು. “ಅದರಾಗೇನದ? ಗಂಡಸರು ಒಂದು ರೂಮು, ಹೆಂಗಸರು ಒಂದು ರೂಮು. ನಮ್ಮ ಕಡಿ ಯಾತ್ರಾಕ್ಕ ಹೋಗೂದೇ ಹಂಗ.”

ರಾಯರು ಅಡುಗೆಮನೆಗೆ ಓಡಿದರು. ಹೋಟೆಲಿನ ಊಟ ಹೇಗಿರುತ್ತದೋ ಎಂದು ವಿಶ್ವನಾಥಪ್ಪ ಅಂದಿದ್ದೇ ತಡ, ಮಂದಾಕಿನಿಗೆ ಎಲ್ಲರ ದಾರಿಯ ಬುತ್ತಿಯ ಕೆಲಸ ಬಿದ್ದಿತ್ತು. ಅವಳು ಚಪಾತಿ ಲಟ್ಟಿಸುತ್ತಿದ್ದಳು.

“ಮಂದಾ, ನಾ ಬ್ಯಾಡ ಅಂದ್ರೂ ಕೇಳವಲ್ಲರು. ಏನ್ ಮಾಡ್ಲಿ ಹೇಳು.”

“ಏನೂ ಮಾಡಬ್ಯಾಡ್ರಿ. ನೀವು ಸಾವಕಾರ್ರನ್ನ ಕರಕೊಂಡು, ಸಾಮಾನೆಲ್ಲಾ ತಗೊಂಡು ಮುಂದ ನಡೀರಿ. ಹೆಂಗಸರು ರೂಪಾನ ಗಾಡ್ಯಾಗ ಬರ್ತಾರ.” ಹೀಗೆಂದು ಮಂದಾಕಿನಿ ನಕ್ಕಳು. ವಾರದಲ್ಲಿ ಮೊದಲ ಸಲ ನಕ್ಕಳು! ರಾಯರಿಗೆ ಹೋದ ಜೀವ ಬಂದಂತಾಯಿತು. ಎಷ್ಟು ಜನ ಬಂದರೇನು, ಇವಳು ಬರುತ್ತಾಳಲ್ಲ.

ದಾರಿಯುದ್ದಕ್ಕೂ ವಿಶ್ವನಾಥಪ್ಪ ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕು ಎಂದು ಬೋಧನೆ ಮಾಡಿದರು. ನಿಫಾಡ ದಾಟಿದ ಮೇಲೆ ನಿದ್ದೆ ಹೋದರು. ಆ ಗೊರಕೆಗೆ ರಾಯರು ಎರಡು ಸಲ ಗಾಡಿ ನಿಲ್ಲಿಸಿ ಎಂಜಿನ್ ನೋಡಿದರು. ವೈಜಾಪುರದಲ್ಲಿ ಸಾವಕಾರರು ಎದ್ದು ತೊಗರಿಯ ಧಾರಣೆ ವಿಚಾರಿಸಿ ಮತ್ತೆ ಮಲಗಿದರು. ಹಿಂದಿನ ಗಾಡಿ ಎಲ್ಲಿದೆ ಎಂದು ರಾಯರು ಫೋನು ಮಾಡಿದರೆ, “ಯೇವಲೆದಾಗ ಪೈಠಣಿ ಸೀರಿ ನೋಡಾಕತ್ತೀವಿ ಸರ್, ನೀವು ನಡೀರಿ” ಎಂದಳು ರೂಪಾ. ಮಂದಾಕಿನಿಯೂ ಸೀರೆ ನೋಡುತ್ತಿದ್ದಾಳೆ ಎಂದುಕೊಂಡು ರಾಯರ ಮನಸ್ಸು ಹಗುರಾಯಿತು.

ಹೋಟೆಲಿನ ಬಾಗಿಲಲ್ಲಿ ಮ್ಯಾನೇಜರು ಎರಡು ಹೂವಿನ ಹಾರ ಹಿಡಿದು ನಿಂತಿದ್ದ. ಮದುವೆಯ ವಾರ್ಷಿಕೋತ್ಸವ ಎಂದು ಬುಕಿಂಗ್ ಮಾಡುವಾಗ ರಾಯರೇ ಹೇಳಿದ್ದರು. ಆತ ರಾಯರನ್ನು ನೋಡಿದ, ವಿಶ್ವನಾಥಪ್ಪನವರನ್ನು ನೋಡಿದ, ಅರೆಗಳಿಗೆ ತಡವರಿಸಿದ. ಆಮೇಲೆ ಏನೂ ಕೇಳದೆ ಇಬ್ಬರಿಗೂ ಹಾರ ಹಾಕಿ ಕೈಮುಗಿದ. ವಿಶ್ವನಾಥಪ್ಪನವರಿಗೆ ಪರಮ ಸಂತೋಷ. “ನೋಡ್ರಿ, ಗಿರಾಕಿಗೆ ಹಿಂಗ ಮರ್ಯಾದಿ ಕೊಡಬೇಕು!”

ರೂಮಿನಲ್ಲಿ ಒಂದೇ ಅಗಲವಾದ ಹಾಸಿಗೆ. ಅದರ ಮೇಲೆ ಗುಲಾಬಿ ಪಕಳೆಗಳ ದೊಡ್ಡ ಹೃದಯ, ನಡುವೆ ಟವೆಲಿನಲ್ಲಿ ಮಾಡಿದ ಎರಡು ಹಂಸ. ರಾಯರಿಗೆ ನೋಡಲಾಗಲಿಲ್ಲ. ತಿರುಗಿ ಹೊರಗೆ ಬಂದು, ಕೊರಳಲ್ಲಿ ಹಾರ ಇದ್ದ ಹಾಗೇ ಮೆಟ್ಟಿಲ ಮೇಲೆ ಕೂತು ಕಾದರು.

ಕೊನೆಗೂ ರೂಪಾಳ ಗಾಡಿ ಬಂತು. ರೂಪಾ ಇಳಿದಳು. ಮಾನ್ಯಾ ಪೂಲ್ ಹುಡುಕಿಕೊಂಡು ಓಡಿದಳು. ಕಸ್ತೂರಿಬಾಯಿ ಬುತ್ತಿಯ ಡಬ್ಬಿ ಹಿಡಿದು ಇಳಿದರು. ನಾಲ್ಕನೇ ಬಾಗಿಲು ತೆರೆಯಲಿಲ್ಲ. ರಾಯರು ತಾವೇ ತೆರೆದು ನೋಡಿದರು. ಸೀರೆಯ ಚೀಲ ಕೂತಿತ್ತು.

ಕೂಡಲೇ ಫೋನು ಹಚ್ಚಿದರು. “ಮಂದಾ, ಎಲ್ಲಿದ್ದಿ?”

“ಮನ್ಯಾಗ.”

“ಯಾಕ, ಆರಾಮಿಲ್ಲೇನು?”

“ಭಾಳ ಆರಾಮ ಅದೀನಿ. ಬಾಗಲ ಗಂಟಿ ಬಾರಸಾಕ ಬಿಲ್ಡಿಂಗಿನಾಗ ಯಾರೂ ಉಳದಿಲ್ಲ. ಖಿಚಡಿ ಸುದ್ದಾ ಮಾಡಲಿಲ್ಲ, ಬಾಳಿಹಣ್ಣು ತಿಂದು ಅಡ್ಡಾದೆ. ಲಗ್ನ ಆದ ಮ್ಯಾಲ ಹಗಲಿನಾಗ ಮಲಗಿದ್ದು ಇವತ್ತೇ ನೋಡ್ರಿ.”

“ಮೊದಲ ಹೇಳಬಾರ್ದೇನು? ನಾನೂ ಉಳೀತಿದ್ನಲ್ಲ!”

“ಅದಕ್ಕ ಹೇಳಲಿಲ್ಲ,” ಎಂದಳು ಮಂದಾಕಿನಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸುಖವಿತ್ತು. ರಾಯರು ಎಷ್ಟೋ ವರ್ಷಗಳಿಂದ ಕೇಳದಿದ್ದ ಸುಖ.

ರಾಯರಿಗೆ ಅಳು ಬಂತು. ಅವಳ ಮುಖದಲ್ಲಿ ನಗು ಕಾಣಲೆಂದು ಊರು ಬಿಟ್ಟು ಊರಿಗೆ ಬಂದದ್ದಾಯಿತು. ನಗು ಬಂದದ್ದು ತಾವು ಊರು ಬಿಟ್ಟದ್ದಕ್ಕೆ.

ಕಾಲೆಳೆಯುತ್ತ ರೂಮಿಗೆ ಬಂದರೆ, ವಿಶ್ವನಾಥಪ್ಪ ಬನಿಯನ್ನಿನಲ್ಲಿ ಪಕಳೆಗಳನ್ನು ಒಂದು ಬದಿಗೆ ಸರಿಸಿ, ಹಂಸ ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು.

“ಬರ್ರಿ ರಾವ್‌ಸಾಹೇಬ್ರ, ಗ್ವಾಡಿ ಕಡಿ ನಾ ಮಲಗ್ತೀನಿ. ಏನ್ ಹೋಟೆಲ್ ಆರಿಸೀರಿ! ಅಂದಂಗ ಮುಂದಿನ ತಿಂಗಳಿಗೆ ಎಲ್ಲಿ ನೋಡೀರಿ? ಇನ್ನ ಪ್ರತಿ ತಿಂಗಳೂ ನೀವೇ ನಮ್ಮನ್ನೆಲ್ಲಾ ಕರಕೊಂಡು ಹೋಗ್ತೀರಂತ, ಮಂದಾಕಿನಿಬಾಯಾರು ನಮ್ಮಾಕಿ ಕಡಿ ಹೇಳಿ ಕಳಿಸ್ಯಾರ.”