ಸಾರಕ್ಕಿಯ ಕೊನೆಯ ಪಾಯಿಂಟು

ಅನಂತರಾಮು ಅವರ ಅಕ್ಷರ ಮುದ್ದಾಗಿದ್ದದ್ದೇ ತಪ್ಪಾಯಿತು. ಸಾರಕ್ಕಿಯ ಬಾಲ್ ಬ್ಯಾಡ್ಮಿಂಟನ್ ಸಂಘಕ್ಕೆ ಐವತ್ತು ತುಂಬಿದಾಗ, ಸಂಘದ ಚರಿತ್ರೆ ಬರೆದು ಸಮಾರಂಭದಲ್ಲಿ ಓದುವ ಕೆಲಸ ಅವರ ತಲೆಗೆ ಬಂತು. "ಎರಡೇ ಪುಟ ಸಾಕು" ಎಂದಿದ್ದರು ಅಧ್ಯಕ್ಷ ಹನುಮಯ್ಯ. ನಿಜ ಹೇಳಬೇಕೆಂದರೆ ಎರಡು ಪುಟವೂ ಹೆಚ್ಚೇ. ಐವತ್ತು ವರ್ಷಗಳಲ್ಲಿ ಸಂಘ ಗೆದ್ದದ್ದು ಒಂದೇ ಒಂದು ಕಪ್ಪು, ಎಂಬತ್ತಾರನೇ ಇಸವಿಯ ರಾಜ್ಯೋತ್ಸವ ಪಂದ್ಯಾವಳಿಯಲ್ಲಿ, ಮಡಿವಾಳದವರ ಮೇಲೆ. ಉಳಿದ ವರ್ಷಗಳಲ್ಲೆಲ್ಲ ಅದು ಬೇರೆಯವರು ಗೆದ್ದಾಗ ಚಪ್ಪಾಳೆ ತಟ್ಟಿತ್ತು.

ಅನಂತರಾಮು ಆ ತಂಡದ ರಿಸರ್ವ್ ಆಟಗಾರ. ಕೋರ್ಟಿನ ಅಂಚಿನಲ್ಲಿ ಎಲ್ಲರ ಟವೆಲ್ ಹೊತ್ತು ಕೂರುವುದೇ ಅವರ ಪಾಲಿನ ಆಟ. ಆದರೆ ಫೈನಲಿನಲ್ಲಿ ಇಪ್ಪತ್ತೆಂಟು–ಇಪ್ಪತ್ತೆಂಟು ಸಮವಾಗಿದ್ದಾಗ ಹನುಮಯ್ಯನವರ ಕಾಲು ಉಳುಕಿತೆಂದೂ, ತಾವು ಒಳಗೆ ಹೋಗಿ ಕೊನೆಯ ಪಾಯಿಂಟು ಹೊಡೆದೆವೆಂದೂ ಅವರಿಗೆ ನಿನ್ನೆ ನಡೆದಂತೆ ನೆನಪಿತ್ತು. ಮೊಮ್ಮಗಳು ಇಂಚರ ಈ ಕತೆ ಕೇಳಿಕೊಂಡೇ ಅನ್ನ ತಿಂದು ಬೆಳೆದವಳು. ಇಂದು ಸಂಜೆ ಅವಳು ಮುಂದಿನ ಸಾಲಿನಲ್ಲಿ ಕೂತು, ತಾತನ ಹೆಸರನ್ನು ಮೈಕಿನಲ್ಲಿ ಕೇಳುವವಳಿದ್ದಳು.

ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಆ ವಾಕ್ಯ ಬರೆದು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಹನುಮಯ್ಯ ಬಾಗಿಲಲ್ಲಿದ್ದರು. ಹಾಳೆ ಎತ್ತಿಕೊಂಡು ಓದಿದರು. ಮುಖ ಆರಿದ ಉಪ್ಪಿಟ್ಟಿನಂತೆ ಗಟ್ಟಿಯಾಯಿತು.

"ಏನ್ರೀ ಇದು? ಕಾಲು ಉಳುಕಿದ್ದು ನಿಜ. ಆದ್ರೆ ಆ ಉಳುಕಿದ ಕಾಲಲ್ಲೇ ನಿಂತು ಹೊಡೆದೆನಲ್ಲ ಸ್ವಾಮಿ! ಚಳಿ ಬಂದ್ರೆ ಈಗ್ಲೂ ನೋಯುತ್ತೆ, ಆಂಜನೇಯನಾಣೆ."

"ನೀವು ಆಗ ಹೊರಗೆ ಕೂತು ಕಾಲಿಗೆ ಐಸ್ ಇಟ್ಕೊಂಡಿದ್ರಿ, ಹನುಮಯ್ಯನವರೇ."

"ಎಂಬತ್ತಾರರಲ್ಲಿ ಸಾರಕ್ಕೀಲಿ ಐಸ್ ಎಲ್ಲಿತ್ರೀ?"

ಕೂಗಾಟ ಕೇಳಿ ಎರಡು ಮನೆ ಆಚೆಯ ನಂದಕುಮಾರ್ ಬಂದರು. ಅವರು ಅದೇ ತಂಡದ ಎಡಗೈ ಆಟಗಾರ.

"ಕೊನೇ ಪಾಯಿಂಟು ಎಡಗೈದು ಸಾರ್, ಅದರಲ್ಲಿ ಎರಡು ಮಾತಿಲ್ಲ. ಜನ ನನ್ನನ್ನ ಭುಜದ ಮೇಲೆ ಹೊತ್ಕೊಂಡು ಕುಣಿದ್ರು."

"ನಿಮ್ಮನ್ನಾ? ಆಗ್ಲೇ ತೊಂಬತ್ತು ಕೇಜಿ ಇದ್ರಲ್ರೀ!" ಎಂದರು ಹನುಮಯ್ಯ.

"ಅದಕ್ಕೇ ನಾಲ್ಕು ಜನ ಹೊತ್ತಿದ್ದು!"

ಕಾಫಿ ತಂದ ಸೀತಾಲಕ್ಷ್ಮಿ ಗಂಡ ಅನಂತರಾಮು ಅವರ ಕಡೆ ನೋಡಿದರು. "ಮೂರು ಜನಾನೂ ಒಂದೊಂದು ಹೊಡೆದಿದ್ರೆ ಮೂವತ್ತೊಂದಾಗ್ಬೇಕಿತ್ತು. ಆಟ ಇಪ್ಪತ್ತೊಂಬತ್ತಕ್ಕೇ ಮುಗೀತು ಅಂತೀರ. ಸ್ಕೋರು ಬರೆದೋರನ್ನ ಹೋಗಿ ಕೇಳಬಾರದಾ?"

ಸ್ಕೋರು ಬರೆಯುತ್ತಿದ್ದವರು ಜಯಶೀಲಾ, ಅಂದಿನ ಕ್ಯಾಪ್ಟನ್ನರ ತಂಗಿ. ಈಗ ವಸಂತಪುರದಲ್ಲಿದ್ದಾರೆ. "ಹೋಗಿ ನೋಡ್ಕೊಂಡ್ ಬನ್ನಿ, ನನ್ನ ಹೆಸರೇ ಇರುತ್ತೆ" ಎಂದು ಹನುಮಯ್ಯ, ನಂದಕುಮಾರ್ ಇಬ್ಬರೂ ಒಟ್ಟಿಗೇ ಹೇಳಿ, ಇನ್ನೊಂದು ಲೋಟ ಕಾಫಿಗೆ ಕೂತರು.

ಅನಂತರಾಮು ಒಬ್ಬರೇ ವಸಂತಪುರಕ್ಕೆ ಹೋದರು. ಜಯಶೀಲಾ ದೇವರ ಗೂಡಿನ ಕೆಳಗಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದು, ಕಣ್ಣಿಗೊತ್ತಿ ಕೊಟ್ಟರು. ಅವರ ಅಣ್ಣ ತೀರಿಕೊಂಡು ಆರು ವರ್ಷವಾಗಿತ್ತು. ಫೈನಲಿನ ಪುಟದಲ್ಲಿ ನಾಲ್ಕೇ ಸಾಲು:

'ಮಡಿವಾಳ ತಂಡ ಬರಲಿಲ್ಲ. ಆರೂವರೆವರೆಗೆ ಕಾದೆವು. ಕಪ್ಪು ಸಾರಕ್ಕಿಗೆ. ಅನಂತರಾಮು ಬಜ್ಜಿ ತಂದರು.'

ಅನಂತರಾಮು ಕನ್ನಡಕ ಒರೆಸಿ ಮತ್ತೆ ಓದಿದರು. ಬಜ್ಜಿ ಹೋಗಲಿಲ್ಲ, ಪಾಯಿಂಟು ಬರಲಿಲ್ಲ.

"ಅಂದ್ರೆ... ಆಟಾನೇ ಆಗ್ಲಿಲ್ವಾ?"

"ಎಲ್ಲಾಯ್ತು? ಅವರ ಕ್ಯಾಪ್ಟನ್ ಅಕ್ಕನ ಮದುವೆ ಅವತ್ತು. ಇಡೀ ಟೀಮು ಬಡಿಸೋಕೆ ಹೋಗಿತ್ತು."

"ಇಷ್ಟು ವರ್ಷ ನೀವ್ಯಾಕೆ ಹೇಳ್ಲಿಲ್ಲಮ್ಮ?"

"ಮೊದಲನೇ ವರ್ಷ ನೀವೆಲ್ಲ 'ಆಡಿದ್ರೂ ನಾವೇ ಗೆಲ್ತಿದ್ವಿ' ಅಂದ್ರಿ. ಎರಡನೇ ವರ್ಷ 'ಸುಲಭವಾಗಿ ಗೆದ್ವಿ' ಅಂದ್ರಿ. ಹತ್ತು ವರ್ಷ ಆಗೋಷ್ಟರಲ್ಲಿ ಇಪ್ಪತ್ತೆಂಟು–ಇಪ್ಪತ್ತೆಂಟು ಆಯ್ತು. ವರ್ಷ ವರ್ಷ ಆಟ ಚೆನ್ನಾಗ್ತಾ ಹೋಯ್ತು. ನಾನ್ಯಾಕೆ ಕೆಡಿಸ್ಲಿ? ನಮ್ಮಣ್ಣನೂ ಆ ಮ್ಯಾಚ್ ಗೆದ್ದೆ ಅಂದ್ಕೊಂಡೇ ಕಣ್ಮುಚ್ಚಿದ, ಪಾಪ."

ಸಾರಕ್ಕಿ ಸಿಗ್ನಲಿನಲ್ಲಿ ಆಟೋ ಮುಕ್ಕಾಲು ಗಂಟೆ ನಿಂತಿತು. ಆತ್ಮಶೋಧನೆಗೆ ಅಷ್ಟು ಹೊತ್ತು ಬೇಕಾದಷ್ಟಾಯಿತು. ದೇವರ ಪ್ರಾರ್ಥನೆಯಾದ ವೇದಿಕೆಯ ಮೇಲೆ ತಿಳಿದೂ ತಿಳಿದೂ ಸುಳ್ಳು ಓದುವುದು ಹೇಗೆ? ನಿಜ ಓದಿ, ಹೋದವರ ಗೆಲುವನ್ನು ಕಿತ್ತುಕೊಳ್ಳುವುದು ಹೇಗೆ? ಕೊನೆಗೆ ತಮ್ಮ ವಾಕ್ಯವನ್ನು ತಾವೇ ಹೊಡೆದು ಹಾಕಿ ಹೀಗೆ ಬರೆದರು: 'ಹನುಮಯ್ಯನವರು ಉಳುಕಿದ ಕಾಲಿನಲ್ಲೇ ಸರ್ವ್ ಮಾಡಿದ ಚೆಂಡು ಮರಳಿ ಬಂದಾಗ ಅದನ್ನು ನಂದಕುಮಾರ್ ಎಡಗೈಯಲ್ಲಿ ಹೊಡೆದರೆಂದು ಬಲ್ಲವರು ಹೇಳುತ್ತಾರೆ.' ಪಾಪವೇನಿದ್ದರೂ ಆ ಬಲ್ಲವರಿಗೆ ತಟ್ಟಲಿ ಎಂದುಕೊಂಡರು.

ಸಂಜೆ ಅದನ್ನು ಓದಿದಾಗ ಚಪ್ಪಾಳೆ ಬಿತ್ತು. ಹನುಮಯ್ಯ ಕುಂಟುತ್ತಾ ಎದ್ದು ಕೈ ಮುಗಿದರು. ಇಂಚರಳ ಮುಖ ಮಾತ್ರ ಬಾಡಿತು.

ಆಮೇಲೆ ಮುಖ್ಯ ಅತಿಥಿ ಎದ್ದರು. ಅವರು ಕೈಲಾಸ್, ಅಂದಿನ ಮಡಿವಾಳದ ಕ್ಯಾಪ್ಟನ್. ಅನಂತರಾಮು ಅವರ ಎದೆ ಹಗುರವಾಯಿತು. ಈ ಪುಣ್ಯಾತ್ಮನಿಗಾದರೂ ಅಕ್ಕನ ಮದುವೆ ನೆನಪಿರುತ್ತದೆ. ಅವನೇ ನಿಜ ಹೇಳಿಬಿಟ್ಟರೆ ತಾವು ಬಚಾವು.

ಕೈಲಾಸ್ ಕಣ್ಣೊರೆಸಿಕೊಂಡರು. "ಆ ಫೈನಲ್ ಮರೆಯೋಕಾಗತ್ತಾ? ಇಪ್ಪತ್ತೆಂಟು–ಇಪ್ಪತ್ತೆಂಟು! ಆದ್ರೆ ಚರಿತ್ರೆ ಬರೆದೋರು ಒಂದು ವಿಷಯ ಬಿಟ್ಟಿದ್ದಾರೆ."

ಅನಂತರಾಮು ಕುರ್ಚಿಯ ತುದಿಗೆ ಸರಿದರು.

"ಆ ಕೊನೇ ಚೆಂಡು ಗೆರೆಯಿಂದ ಆಚೆ ಬಿದ್ದಿತ್ತು! ಹಬ್ಬದ ದಿನ ಜಗಳ ಯಾಕೆ ಅಂತ ನಾವೇ ಬಿಟ್ಟುಕೊಟ್ವಿ."

"ಒಳಗೇ ಬಿದ್ದಿದ್ದು ರೀ!" ನಂದಕುಮಾರ್ ಎದ್ದು ನಿಂತರು.

"ನಾನೇ ಕಣ್ಣಾರೆ ನೋಡಿದೀನಿ, ಒಳಗೆ!" ಎಂದು ಹನುಮಯ್ಯ ಎರಡು ಕಾಲೂ ನೆಟ್ಟಗಿಟ್ಟು ವೇದಿಕೆಯತ್ತ ನುಗ್ಗಿದರು. ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆದು ಮೂವರೂ ಚೆಂಡು ಬಿದ್ದ ಜಾಗ ತೋರಿಸತೊಡಗಿದರು.

ಗದ್ದಲದ ನಡುವೆ ಇಂಚರ ಬಂದು ತಾತನ ಪಂಚೆ ಎಳೆದಳು. "ತಾತ, ಇವರೆಲ್ಲ ಆಡ್ತಿದ್ದಾಗ ನೀವೆಲ್ಲಿದ್ರಿ?"

ಪುಸ್ತಕದಲ್ಲಿ ತಮಗೆಂದು ಉಳಿದಿದ್ದ ಒಂದೇ ಒಂದು ಸಾಲನ್ನು ಅನಂತರಾಮು ಮೆಲ್ಲನೆ ಹೇಳಿದರು. "ಬಜ್ಜಿ ತರೋಕೆ ಹೋಗಿದ್ದೆ, ಪುಟ್ಟಾ."

ಹನುಮಯ್ಯ ಜಗಳವನ್ನು ಅರ್ಧಕ್ಕೇ ನಿಲ್ಲಿಸಿ ತಿರುಗಿದರು.

"ಏನ್ರೀ, ಅದನ್ನೂ ನಿಮ್ಮ ಹೆಸರಿಗೇ ಬರ್ಕೊಳ್ತೀರಾ? ಉಳುಕಿದ ಕಾಲಲ್ಲೇ ಕುಂಟ್ಕೊಂಡ್ ಹೋಗಿ ಬಜ್ಜಿ ತಂದಿದ್ದು ನಾನು!"