ಎರಡನೇ ಸಲದ ರೊಟ್ಟಿ

ನಮ್ಮ ಮನೆಗೆ ಯಾವ ಸುಧಾರಣೆಯನ್ನಾದರೂ ತರಬಹುದು, ಅಡುಗೆಮನೆಯ ಹೊಸ್ತಿಲಿನವರೆಗೆ. ಇದು ನನಗೆ ಗೊತ್ತಾದದ್ದು ನಮ್ಮ ನಾಯಿ ಮೋತ್ಯಾನಿಂದ. ಕೊಂಢವಾ ಬಡಾವಣೆಯ ಈ ಫ್ಲ್ಯಾಟಿಗೆ ಮರಿಯಾಗಿ ಬಂದಾಗಿನಿಂದ ಅವನು ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನೇ ತಿಂದವನು. ಬಂದದ್ದು ಮಳೆಗಾಲದಲ್ಲಿ ಎಂದು ನನ್ನ ನೆನಪು, ಬೇಸಿಗೆಯಲ್ಲಿ ಎಂದು ಹೆಂಡತಿ ಸುಮಾಳ ವಾದ; ಆ ದಿನದ ಫೋಟೋದಲ್ಲಿ ಇಬ್ಬರೂ ಸ್ವೆಟರ್ ಹಾಕಿದ್ದೇವೆ.

ಈಗ ವಯಸ್ಸಾಗಿ, ಹಾಲು ಜೀರ್ಣವಾಗದೆ ಸೊರಗತೊಡಗಿದ್ದ. ಕ್ಯಾಂಪ್ ಪೇಟೆಯಲ್ಲಿರುವ ನಾಯಿಗಳ ಡಾಕ್ಟರು ಪೊಟ್ಟಣದ ಆಹಾರ ಬರೆದುಕೊಟ್ಟರು. ಹಳೆಯದನ್ನು ಇಳಿಸುತ್ತ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಇನ್ನೊಮ್ಮೆ ಹೊಟ್ಟೆ ಕೆಟ್ಟರೆ ಈ ಮುದುಕ ತಡೆಯುವುದಿಲ್ಲ ಎಂದು ಮರಾಠಿಯಲ್ಲಿ ಗದರಿದರು. ಎಂ.ಎ. ಓದಿದವನಿಗೆ ಬೆರೆಸುವುದೇನು ಕಷ್ಟ? ಬಟ್ಟಲಲ್ಲಿ ಅಳೆದೇ ಹಾಕಿದೆ. ಆದರೂ ಭೇದಿ ನಿಲ್ಲಲಿಲ್ಲ. ಪೊಟ್ಟಣವನ್ನು ಅನುಮಾನಿಸಿದೆ, ನೀರನ್ನು ಅನುಮಾನಿಸಿದೆ, ಕೊನೆಗೆ ನನ್ನ ಲೆಕ್ಕವನ್ನೇ ಅನುಮಾನಿಸಿದೆ. ಅವ್ವನನ್ನು ಮಾತ್ರ ಅನುಮಾನಿಸಲಿಲ್ಲ.

ಅವ್ವ ವಿಜಯಪುರದ ಕಡೆಯವಳು. ಅಲ್ಲಿ ಒಮ್ಮೆ ನೀಡಿ ಸುಮ್ಮನಾಗುವ ಪದ್ಧತಿಯಿಲ್ಲ. ಎರಡನೇ ಸಲ ನೀಡದೆ ಯಾರನ್ನೂ ಊಟದಿಂದ ಏಳಿಸಬಾರದು. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವನು ಮರೆತ ಮೊಬೈಲಿಗಾಗಿ ಹಿಂತಿರುಗಿದರೆ, ಅವ್ವ ಮೋತ್ಯಾನ ಮುಂದೆ ಕುಳಿತು ಹಾಲುರೊಟ್ಟಿ ನೀಡುತ್ತಿದ್ದಾಳೆ.

“ಅವ್ವಾ, ನಾ ಅಳತಿ ಮಾಡಿ ಹಾಕೀನಲ್ಲ?”

“ನಿನ್ನ ಅಳತಿ ನಾ ಮುಟ್ಟಿಲ್ಲಪಾ. ಇದು ಎರಡನೇ ಸಲದ್ದು. ಒಮ್ಮೆ ನೀಡಿ ಕೈ ತೊಳಕೊಳ್ಳಾಕ ಅಂವೇನು ನಾಯಿ ಏನು?”

ನಾನು ಜೀರ್ಣಕ್ರಿಯೆಯ ಮೇಲೆ ಭಾಷಣ ಶುರುಮಾಡುವಷ್ಟರಲ್ಲಿ ಸುಮಾ ಬಟ್ಟಲಿನ ಅಳತೆಯಿಂದಲೇ ಒಂದು ಹಿಡಿ ತೆಗೆದಿಡಬಹುದಲ್ಲ ಎಂದಳು. ಮರುದಿನ ಹಾಗೇ ತೆಗೆದು ಅವ್ವನ ಕೈಗಿಟ್ಟಳು: “ಅತ್ತಿ, ಎರಡನೇ ಸಲಕ್ಕ ಇದನ್ನ ನೀಡ್ರಿ.” ಅವ್ವನ ಮರ್ಯಾದೆಯೂ ಉಳಿಯಿತು, ಮೋತ್ಯಾನ ಭೇದಿಯೂ ನಿಂತಿತು. ಮೆಲ್ಲಗೆ ರೊಟ್ಟಿ ಪೂರ್ತಿ ಬಿಟ್ಟ, ಮೈ ತುಂಬಿಕೊಂಡ. ಡಾಕ್ಟರು ನನ್ನ ಶಿಸ್ತನ್ನು ಹೊಗಳಿದರು, ನಾನು ತಡೆಯಲಿಲ್ಲ.

ಮೊನ್ನೆ ಅವ್ವ ಗುಡಿಗೆ ಹೋಗಿದ್ದಳು. ಆಹಾರವನ್ನೆಲ್ಲ ಒಂದೇ ಸಲಕ್ಕೆ ಸುರಿದೆ. ಮೋತ್ಯಾ ಅರ್ಧ ತಿಂದು, ತಲೆಯೆತ್ತಿ, ನನ್ನನ್ನು ನೋಡುತ್ತ ಕುಳಿತ. ಅಪ್ಪಣೆ ಮಾಡಿದೆ, ಬೈದೆ, ಬಟ್ಟಲನ್ನು ಮುಂದೆ ನೂಕಿದೆ, ಮುಟ್ಟಲಿಲ್ಲ. ಕೊನೆಗೆ ನೆಲದ ಮೇಲೆ ಕುಳಿತು, ಅವನ ಬಟ್ಟಲಿಂದಲೇ ಒಂದು ಹಿಡಿ ತೆಗೆದು, ಮತ್ತೆ ಅದಕ್ಕೇ ನೀಡುತ್ತ, “ಇನ್ನೊಂದೀಟು ಹಾಕ್ಕೋರಿ, ಸಂಕೋಚ ಮಾಡಬ್ಯಾಡ್ರಿ” ಎಂದೆ. ಬಟ್ಟಲು ಖಾಲಿಯಾಯಿತು.

ಬಾಗಿಲಲ್ಲಿ ಸುಮಾ ನಿಂತಿದ್ದಳು. “ಭಾಳ ಛಲೋ ಉಪಚಾರ ಮಾಡ್ತೀರಿ. ಮದುವಿ ಆದಾಗಿಂದ ನನಗೊಮ್ಮೆನೂ ಹಿಂಗ ಅಂದಿಲ್ಲಲ್ರಿ?”

ಅಂದಿರಬೇಕು ಎಂದೇ ನನ್ನ ನಂಬಿಕೆ. ಯಾವಾಗ ಎಂದು ಅವಳು ಕೇಳಲಿಲ್ಲ. ಅಷ್ಟು ಉಪಕಾರ ಮಾಡಿದಳು.